ಹೊಸ ರಿಬ್ಬನ್ ತರುವ ಮೊದಲು: ಟೈಪ್‌ರೈಟರ್ ರಿಬ್ಬನ್ ಹೇಗೆ ಓಡುತ್ತದೆ, ನಿಂತರೆ ಹೇಗೆ ಓಡಿಸಬೇಕು

ಅಕ್ಷರ ಮಸುಕಾಗಿದೆ ಅಂತ ಹೊಸ ರಿಬ್ಬನ್ ತರಲು ಹೊರಟಿದ್ದೀರಾ? ಒಂದೈದು ನಿಮಿಷ ತಡೆಯಿರಿ. ಟೈಪ್‌ರೈಟರಿನ ಮೇಲಿನ ಮುಚ್ಚಳ ತೆಗೆಯಿರಿ. ಒಂದು ಹಾಳೆ ಹಾಕಿ, ಯಾವುದಾದರೂ ಒಂದು ಕೀಯನ್ನು ಇಪ್ಪತ್ತು ಸಲ ಒತ್ತಿ. ಕಣ್ಣು ಹಾಳೆಯ ಮೇಲೆ ಬೇಡ, ಎಡಕ್ಕೂ ಬಲಕ್ಕೂ ಇರುವ, ರಿಬ್ಬನ್ ಸುತ್ತಿಕೊಂಡ ಎರಡು ಸ್ಪೂಲ್‌ಗಳ ಮೇಲಿರಲಿ. ಅವು ಸ್ವಲ್ಪವೂ ತಿರುಗದಿದ್ದರೆ ರಿಬ್ಬನ್‌ನಲ್ಲಿ ಮಸಿ ಮುಗಿದಿದೆ ಅಂತ ಹೇಳಲು ಬರುವುದಿಲ್ಲ. ಒಂದೇ ಜಾಗಕ್ಕೆ ಏಟು ಬಿದ್ದು ಬಿದ್ದು ಅಲ್ಲಿ ಮಾತ್ರ ಮಸಿ ಹೋಗಿರುತ್ತದೆ. ಹೊಸದು ಹಾಕಿದರೂ ನಾಲ್ಕು ದಿನಕ್ಕೆ ಅದೇ ಪಾಡು.

ನನಗೆ ಇದು ಗೊತ್ತಾಗಿದ್ದು ಎರಡು ರಿಬ್ಬನ್ ದಂಡವಾದ ಮೇಲೆ. ಹಳೇ ಸಾಮಾನಿನ ಅಂಗಡಿಯಿಂದ ತಂದ ಯಂತ್ರ ಅದು. ಎರಡನೇ ರಿಬ್ಬನ್ ಕೂಡ ಬೇಗ ಮಸುಕಾದಾಗ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಬೆರಳಗಲ ಜಾಗ ಜರಡಿಯ ಹಾಗೆ ತೂತಾಗಿತ್ತು. ಉಳಿದ ಅಷ್ಟೂ ಉದ್ದ ಕಪ್ಪಗೆ, ಚೆನ್ನಾಗಿಯೇ ಇತ್ತು. ರಿಬ್ಬನ್ ಒಂದು ತುದಿ ಮುಟ್ಟಿ ನಿಂತುಬಿಟ್ಟಿತ್ತು, ವಾಪಸ್ ತಿರುಗಿರಲಿಲ್ಲ. ಯಾಕೆ ತಿರುಗಲಿಲ್ಲ ಅಂತ ಹುಡುಕುತ್ತಾ ಹೋದಾಗ ಈ ಇಡೀ ವ್ಯವಸ್ಥೆ ನನಗೆ ಅರ್ಥವಾಯಿತು. ಅದನ್ನೇ ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಒಂದು ಏಟು, ಮೂರು ಕೆಲಸ

ಒಂದು ಕೀ ಒತ್ತಿದರೆ ಅಕ್ಷರದ ಕಡ್ಡಿ, ಅಂದರೆ ಟೈಪ್ ಬಾರ್, ಎದ್ದು ಹೋಗಿ ಹಾಳೆ ಸುತ್ತಿರುವ ರೋಲರಿಗೆ ಬಡಿಯುತ್ತದೆ. ನಮಗೆ ಕಾಣುವುದು ಅಷ್ಟೇ. ಆದರೆ ಅದೇ ಕ್ಷಣದಲ್ಲಿ ಇನ್ನೆರಡು ಕೆಲಸ ನಡೆಯುತ್ತವೆ. ರಿಬ್ಬನ್ ಮೇಲಕ್ಕೆ ಎದ್ದು ಅಕ್ಷರಕ್ಕೂ ಹಾಳೆಗೂ ನಡುವೆ ನಿಲ್ಲುತ್ತದೆ, ಏಟು ಬಿದ್ದ ಕೂಡಲೇ ಕೆಳಗೆ ಇಳಿಯುತ್ತದೆ. ಜೊತೆಗೆ ಒಂದಿಷ್ಟೇ ಇಷ್ಟು ಪಕ್ಕಕ್ಕೆ ಸರಿಯುತ್ತದೆ, ಮುಂದಿನ ಏಟಿಗೆ ಹೊಸ ಜಾಗ ಸಿಗಲಿ ಅಂತ. ಏಳುವುದು ಬೇರೆ, ಸರಿಯುವುದು ಬೇರೆ. ಎರಡಕ್ಕೂ ಬೇರೆ ಬೇರೆ ಭಾಗಗಳಿವೆ. ತೊಂದರೆ ಬಂದಾಗ ಯಾವುದು ಕೆಟ್ಟಿದೆ ಅಂತ ಮೊದಲು ಬೇರ್ಪಡಿಸಿ ನೋಡಬೇಕು. ಇದೊಂದು ಅಭ್ಯಾಸವಾದರೆ ಅರ್ಧ ರಿಪೇರಿ ಆದ ಹಾಗೆ.

ರಿಬ್ಬನ್ ಏಳುವುದು ಯಾಕೆ? ಯಾವಾಗಲೂ ಮೇಲೇ ಇದ್ದರೆ ಆಗುವುದಿಲ್ಲವೇ? ಆಗುತ್ತಿತ್ತು, ಆದರೆ ಟೈಪ್ ಮಾಡಿದ್ದು ಕಾಣುತ್ತಿರಲಿಲ್ಲ. 1874ರಲ್ಲಿ ರೆಮಿಂಗ್ಟನ್ ಕಂಪನಿ ಮಾರಾಟಕ್ಕೆ ತಂದ ಶೋಲ್ಸ್ ಅಂಡ್ ಗ್ಲಿಡನ್ ಯಂತ್ರದಲ್ಲಿ ಅಕ್ಷರಗಳು ರೋಲರಿನ ಕೆಳಗಿನಿಂದ ಬಡಿಯುತ್ತಿದ್ದವು. ರಿಬ್ಬನ್ ಅಲ್ಲೇ ಅಡಿಯಲ್ಲಿ ಇರುತ್ತಿತ್ತು, ಎತ್ತುವ ಅಗತ್ಯವೇ ಇರಲಿಲ್ಲ. ಏನು ಟೈಪ್ ಆಗಿದೆ ಅಂತ ನೋಡಬೇಕಾದರೆ ಕ್ಯಾರೇಜ್, ಅಂದರೆ ರೋಲರನ್ನು ಹೊತ್ತು ಪಕ್ಕಕ್ಕೆ ಸರಿಯುವ ಭಾಗ, ಎತ್ತಿ ಇಣುಕಬೇಕಿತ್ತು. ಆಮೇಲೆ ಅಂಡರ್‌ವುಡ್‌ನಂಥ ಯಂತ್ರಗಳು ಬಂದವು. ಅವುಗಳಲ್ಲಿ ಅಕ್ಷರ ಎದುರಿನಿಂದ ಬಡಿಯುತ್ತದೆ, ಬರೆದದ್ದು ಬರೆದ ಹಾಗೇ ಕಣ್ಣಿಗೆ ಬೀಳುತ್ತದೆ. ಆಗ ರಿಬ್ಬನ್ ದಾರಿಗೆ ಅಡ್ಡ ಬರಬಾರದು ಅಲ್ವಾ? ಅದಕ್ಕೇ ಏಟಿನ ಹೊತ್ತಿಗೆ ಮಾತ್ರ ಎದ್ದು ಇಳಿಯುವ ಏರ್ಪಾಡು.

ರಿಬ್ಬನ್ ಅಂದರೆ ಎಂಥ ಬಟ್ಟೆ

ಸಾಮಾನ್ಯ ರಿಬ್ಬನ್ ಅರ್ಧ ಇಂಚು ಅಗಲ, ಅಂದರೆ ಸುಮಾರು 13 ಮಿ.ಮೀ. ಹತ್ತಿ ಅಥವಾ ನೈಲಾನ್ ಬಟ್ಟೆ. ಹಿಂದೆ ರೇಷ್ಮೆಯದೂ ಇತ್ತು. ಇದರಲ್ಲಿರುವ ಮಸಿ ನೀರಿನ ಮಸಿ ಅಲ್ಲ, ಎಣ್ಣೆಯ ಮಸಿ. ಬೇಗ ಒಣಗುವುದಿಲ್ಲ. ಏಟು ಬಿದ್ದ ಜಾಗದಲ್ಲಿ ಮಸಿ ಕಡಿಮೆಯಾದರೆ, ದೀಪದ ಬತ್ತಿ ಎಣ್ಣೆ ಹೀರಿಕೊಳ್ಳುವ ಹಾಗೆ ಪಕ್ಕದ ನೂಲುಗಳಿಂದ ನಿಧಾನವಾಗಿ ಮಸಿ ಅಲ್ಲಿಗೆ ಹರಿದುಬರುತ್ತದೆ. ಇದಕ್ಕೆ ಸಮಯ ಬೇಕು. ರಿಬ್ಬನ್ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಿ ವಾಪಸ್ ಬರುವಷ್ಟರಲ್ಲಿ ಆ ಸಮಯ ಸಿಗುತ್ತದೆ. ಹಾಗಾಗಿ ಒಂದೇ ರಿಬ್ಬನ್ ಹತ್ತಾರು ಸಲ ಹಿಂದೆ ಮುಂದೆ ಓಡಿದರೂ ಅಕ್ಷರ ಕಪ್ಪಗೇ ಬೀಳುತ್ತದೆ. ಓಟ ನಿಂತರೆ ಈ ವಿಶ್ರಾಂತಿಯೇ ಇಲ್ಲ. (ಎಲೆಕ್ಟ್ರಿಕ್ ಯಂತ್ರಗಳಲ್ಲಿ ಬರುವ ಕಾರ್ಬನ್ ಫಿಲ್ಮ್ ರಿಬ್ಬನ್ ಬೇರೆ ಜಾತಿ, ಅದು ಒಂದೇ ಸಲದ ಬಳಕೆಗೆ. ಅದರ ಮಾತು ಇಲ್ಲಿ ಬೇಡ.)

ಹಂತ 1: ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ

ಏನನ್ನೂ ಬಿಚ್ಚಬೇಡಿ. ಮೊದಲು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆಯಿರಿ: ಮೇಲಿನಿಂದ ಒಂದು, ಎಡ ಸ್ಪೂಲ್, ಬಲ ಸ್ಪೂಲ್, ನಡುವಿನ ಭಾಗ ಒಂದೊಂದು. ರಿಬ್ಬನ್ ಸ್ಪೂಲಿನ ಒಳಮಗ್ಗುಲಿಂದ ಹೊರಡುತ್ತದೋ ಹೊರಮಗ್ಗುಲಿಂದಲೋ ಅನ್ನುವುದು ಯಂತ್ರದಿಂದ ಯಂತ್ರಕ್ಕೆ ಬೇರೆ. ಬಿಚ್ಚಿದ ಮೇಲೆ ನೆನಪಿರುವುದಿಲ್ಲ.

ಈಗ ಎಡ ಸ್ಪೂಲಿನಿಂದ ಶುರು ಮಾಡಿ. ರಿಬ್ಬನ್ ಅಲ್ಲಿಂದ ಹೊರಟು ಒಂದು ಪುಟ್ಟ ಕವೆಯ ಮೂಲಕ ತೂರುತ್ತದೆ. ಆಮೇಲೆ ಒಂದೆರಡು ತಿರುವು, ನಂತರ ನಡುವೆ ರೋಲರಿನ ಎದುರಿಗೆ ನಿಂತಿರುವ ತೆಳ್ಳನೆಯ ತಗಡಿನ ಚೌಕಟ್ಟು. ಅದರ ಹೆಸರು ರಿಬ್ಬನ್ ವೈಬ್ರೇಟರ್. ರಿಬ್ಬನ್ ಎತ್ತಿ ಇಳಿಸುವುದು ಇದೇ. ಅಲ್ಲಿಂದ ಬಲಕ್ಕೆ ಮತ್ತೆ ತಿರುವು, ಮತ್ತೆ ಕವೆ, ಬಲ ಸ್ಪೂಲ್. ಆ ಎರಡು ಕವೆಗಳನ್ನು ಮರೆಯಬೇಡಿ, ಮುಂದೆ ಅವುಗಳದ್ದೇ ದೊಡ್ಡ ಕೆಲಸ.

ಹಂತ 2: ಸ್ಪೂಲನ್ನು ಯಾರು ತಿರುಗಿಸುತ್ತಾರೆ?

ಇಲ್ಲಿ ಯಂತ್ರಗಳು ಎರಡು ಪಂಗಡ.

ಮೊದಲನೆಯದು, ಕೀ ಒತ್ತಿದ ಬಲದಿಂದಲೇ ಓಡುವವು. ಒಲಿವೆಟ್ಟಿ ಲೆಟೆರಾ 32ರಂಥ ಕೈಯಲ್ಲಿ ಹಿಡಿದು ಒಯ್ಯುವ ಪೋರ್ಟಬಲ್‌ಗಳು ಸಾಮಾನ್ಯವಾಗಿ ಹೀಗೆ. ಎಲ್ಲ ಕೀಗಳ ಅಡಿಯಲ್ಲೂ ಹಾದುಹೋಗುವ ಒಂದು ಅಡ್ಡಪಟ್ಟಿ ಇದೆ, ಯಾವ ಕೀ ಒತ್ತಿದರೂ ಅದು ಅಲುಗುತ್ತದೆ. ಆ ಅಲುಗಾಟ ಒಂದು ಕೊಕ್ಕೆಯನ್ನು ತಳ್ಳುತ್ತದೆ. ಕೊಕ್ಕೆ ಸ್ಪೂಲಿನ ಅಡಿಯಲ್ಲಿರುವ ಹಲ್ಲುಚಕ್ರವನ್ನು ಒಂದು ಹಲ್ಲಿನಷ್ಟು ತಿರುಗಿಸುತ್ತದೆ. ಕೀ ಬಿಟ್ಟಾಗ ಕೊಕ್ಕೆ ಹಿಂದೆ ಬರುತ್ತದೆ, ಆದರೆ ಚಕ್ರ ಹಿಂದೆ ಬರಬಾರದು. ಅದಕ್ಕೆ ಇನ್ನೊಂದು ಪುಟ್ಟ ಕೊಕ್ಕೆಯೋ ಸ್ಪ್ರಿಂಗೋ ತಡೆ ಹಿಡಿದಿರುತ್ತದೆ. ಬಾವಿಯ ರಾಟೆಯಿಂದ ನೀರು ಸೇದುವಾಗ ಒಂದು ಕೈಯಲ್ಲಿ ಎಳೆದು ಇನ್ನೊಂದು ಕೈಯಲ್ಲಿ ಹಗ್ಗ ಹಿಡಿದುಕೊಳ್ಳುತ್ತೀರಲ್ಲ, ಹಾಗೆ.

ಎರಡನೆಯದು, ಕ್ಯಾರೇಜಿನ ಓಟದಿಂದ ಬಲ ಪಡೆಯುವವು. ಅಂಡರ್‌ವುಡ್ 5 ಇದಕ್ಕೆ ಒಳ್ಳೆಯ ಉದಾಹರಣೆ. ಕ್ಯಾರೇಜನ್ನು ಎಡಕ್ಕೆ ಎಳೆಯುವ ದೊಡ್ಡ ಸ್ಪ್ರಿಂಗ್ ಒಂದು ಡ್ರಮ್ಮಿನೊಳಗೆ ಸುತ್ತಿಕೊಂಡಿರುತ್ತದೆ. ಕ್ಯಾರೇಜ್ ಒಂದೊಂದೇ ಅಕ್ಷರ ಸರಿದ ಹಾಗೆ ಆ ಡ್ರಮ್ ತಿರುಗುತ್ತದೆ, ಅದರ ಗೇರಿನಿಂದ ಒಂದು ಉದ್ದನೆಯ ಸರಳು ತಿರುಗುತ್ತದೆ, ಸರಳಿನ ತುದಿಯ ಗೇರು ಸ್ಪೂಲನ್ನು ತಿರುಗಿಸುತ್ತದೆ. ಸಾಲು ಮುಗಿದು ಕ್ಯಾರೇಜನ್ನು ಬಲಕ್ಕೆ ತಳ್ಳಿದಾಗ ರಿಬ್ಬನ್ ಹಿಂದಕ್ಕೆ ಓಡಬಾರದು ಅಲ್ವಾ? ಅದಕ್ಕೆ ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಕೊಕ್ಕೆ ಇರುತ್ತದೆ.

ನಿಮ್ಮದು ಯಾವ ಪಂಗಡ? ಕ್ಯಾರೇಜ್ ಬಿಡಿಸುವ ಲಿವರ್ ಒತ್ತಿ ಹಿಡಿದು, ಕ್ಯಾರೇಜನ್ನು ಕೈಯಿಂದಲೇ ಮೆಲ್ಲಗೆ ಎಡಕ್ಕೆ ಬಿಡಿ. ಸ್ಪೂಲ್ ತಿರುಗಿದರೆ ಎರಡನೇ ಪಂಗಡ. ತಿರುಗದಿದ್ದರೆ, ಕೀ ಒತ್ತಿದಾಗ ಮಾತ್ರ ತಿರುಗಿದರೆ, ಮೊದಲನೆಯದು. ಒಂದು ನಿಮಿಷದ ಪರೀಕ್ಷೆ ಇದು, ಆದರೆ ಎಲ್ಲಿ ಹುಡುಕಬೇಕು ಅನ್ನುವುದನ್ನು ಪೂರಾ ಬದಲಿಸಿಬಿಡುತ್ತದೆ. ಎರಡನೇ ಪಂಗಡದ ಯಂತ್ರದಲ್ಲಿ ಸ್ಪೂಲ್ ಬಿಗಿಯಾದರೆ ಅದರ ಪೆಟ್ಟು ಕ್ಯಾರೇಜಿಗೆ ತಗಲುತ್ತದೆ. ಅಕ್ಷರದ ಮೇಲೆ ಅಕ್ಷರ ಹತ್ತುತ್ತದೆ, ಅಂತರ ಏರುಪೇರಾಗುತ್ತದೆ. ದೊಡ್ಡ ಸ್ಪ್ರಿಂಗ್ ಸತ್ತಿದೆ ಅಂತ ಅದನ್ನು ಬಿಗಿ ಮಾಡಲು ಹೋಗುತ್ತಾರೆ. ಮೊದಲು ರಿಬ್ಬನ್ ಪೂರಾ ತೆಗೆದು ಒಂದು ಸಾಲು ಹೊಡೆದು ನೋಡಿ. ಅಂತರ ಸರಿಹೋದರೆ ಸ್ಪ್ರಿಂಗ್‌ದೇನೂ ತಪ್ಪಿಲ್ಲ.

ಕನ್ನಡ ಯಂತ್ರ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಕೆ. ಅನಂತ ಸುಬ್ಬರಾವ್ ಅವರು ರೂಪಿಸಿದ ಕನ್ನಡ ಟೈಪ್‌ರೈಟರಿನಲ್ಲಿ ಒಂದು ಅಕ್ಷರವನ್ನು ತುಂಡು ತುಂಡಾಗಿ ಕಟ್ಟಬೇಕು, ಮೂಲ ಅಕ್ಷರ ಒಂದು ಏಟು, ಅದರ ಚಿಹ್ನೆ ಇನ್ನೊಂದು. ಕ್ಯಾರೇಜ್ ಸರಿಯದೆ ಬಡಿಯುವ ಕೀಗಳೂ ಇಂಥ ಯಂತ್ರದಲ್ಲಿರುತ್ತವೆ. ಕ್ಯಾರೇಜ್ ಸರಿಯದಿದ್ದರೆ, ಎರಡನೇ ಪಂಗಡದಲ್ಲಿ ರಿಬ್ಬನ್ ಕೂಡ ಸರಿಯುವುದಿಲ್ಲ. ಒಂದೇ ಜಾಗಕ್ಕೆ ಎರಡು ಏಟು. ಅದು ಸಹಜ, ಕೆಟ್ಟಿದೆ ಅಂತ ತಿಳಿಯಬೇಡಿ. ಇಂಗ್ಲಿಷ್ ಯಂತ್ರಕ್ಕಿಂತ ರಿಬ್ಬನ್‌ಗೆ ಹೊಡೆತ ಸ್ವಲ್ಪ ಜಾಸ್ತಿ ಅಂತ ಗೊತ್ತಿದ್ದರೆ ಸಾಕು.

ಹಂತ 3: ಎಷ್ಟು ಸರಿಯಬೇಕು?

ರಿಬ್ಬನ್ ಎಲ್ಲ ಕಾಲಕ್ಕೂ ಒಂದೇ ಅಳತೆ ಸರಿಯುವುದಿಲ್ಲ. ಚಕ್ರ ತಿರುಗುವುದು ಒಂದೇ ಹಲ್ಲು, ಆದರೆ ಸ್ಪೂಲಿನ ಮೇಲೆ ಎಷ್ಟು ರಿಬ್ಬನ್ ಸುತ್ತಿದೆ ಅನ್ನುವುದರ ಮೇಲೆ ಎಳೆತ ಬದಲಾಗುತ್ತದೆ. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ: ಚಕ್ರಕ್ಕೆ 40 ಹಲ್ಲು, ಖಾಲಿ ಸ್ಪೂಲಿನ ನಡುಭಾಗದ ಅಡ್ಡಳತೆ 15 ಮಿ.ಮೀ. ಆಗ ಒಂದು ಏಟಿಗೆ ಸುಮಾರು 1.2 ಮಿ.ಮೀ. ಸರಿಯುತ್ತದೆ. ಅದೇ ಸ್ಪೂಲ್ ತುಂಬಿ 45 ಮಿ.ಮೀ. ಆದಾಗ ಸುಮಾರು 3.5 ಮಿ.ಮೀ. ಇಂಚಿಗೆ 10 ಅಕ್ಷರ ಬೀಳುವ ಯಂತ್ರದಲ್ಲಿ ಒಂದು ಅಕ್ಷರದ ಜಾಗ 2.54 ಮಿ.ಮೀ. ಅಂದರೆ ಸುತ್ತಿಕೊಳ್ಳುವ ಸ್ಪೂಲ್ ಖಾಲಿ ಇರುವಾಗ ಏಟುಗಳು ಒಂದರ ಮೇಲೊಂದು ಹತ್ತುತ್ತವೆ, ತುಂಬಿದಾಗ ಬಿಡಿಬಿಡಿಯಾಗಿ ಬೀಳುತ್ತವೆ. ಹಳೇ ರಿಬ್ಬನ್‌ನ ಒಂದು ಭಾಗ ಜಾಸ್ತಿ ಮಾಸಿದ್ದರೆ ಗಾಬರಿಯಾಗಬೇಡಿ. ಸರಿಯುವುದು ನಿಂತರೆ ಮಾತ್ರ ಕಾಯಿಲೆ.

ಹಂತ 4: ದಿಕ್ಕು ಬದಲಾಗುವ ಜಾಗ

ನನ್ನ ಮಟ್ಟಿಗೆ ಇಡೀ ಯಂತ್ರದಲ್ಲಿ ಅತ್ಯಂತ ಜಾಣತನದ ಭಾಗ ಇದು. ಕೆಡುವುದೂ ಜಾಸ್ತಿ ಇಲ್ಲೇ.

ಒಂದು ಹೊತ್ತಿಗೆ ಒಂದೇ ಸ್ಪೂಲಿಗೆ ಬಲ ಸಿಗುತ್ತದೆ. ಅದು ಎಳೆಯುತ್ತದೆ, ಇನ್ನೊಂದು ಸುಮ್ನೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಿಚ್ಚಿಕೊಳ್ಳುವ ಸ್ಪೂಲಿಗೆ ಒಂದು ತೆಳು ಸ್ಪ್ರಿಂಗ್ ತಾಗಿ ಸ್ವಲ್ಪ ತಡೆ ಕೊಡುತ್ತಿರುತ್ತದೆ, ಇಲ್ಲದಿದ್ದರೆ ರಿಬ್ಬನ್ ಸಡಿಲಾಗಿ ಜೋತುಬೀಳುತ್ತದೆ. ಆ ಸ್ಪೂಲ್ ಖಾಲಿಯಾದಾಗ ಬಲವನ್ನು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ ದಾಟಿಸಬೇಕು. ಯಂತ್ರಕ್ಕೆ ಅದು ತಿಳಿಯುವುದು ಹೇಗೆ?

ಹೆಚ್ಚಿನ ಯಂತ್ರಗಳಲ್ಲಿ ರಿಬ್ಬನ್‌ನ ಎರಡೂ ತುದಿಗಳ ಹತ್ತಿರ ಒಂದೊಂದು ಲೋಹದ ಉಂಗುರ ಇರುತ್ತದೆ, ಶೂ ಲೇಸ್ ತೂರಿಸುವ ತೂತಿಗೆ ಹಾಕಿರುತ್ತಾರಲ್ಲ, ಅಂಥದ್ದು. ಕವೆಯ ಸಂದಿ ರಿಬ್ಬನ್‌ಗೆ ಸಾಕಷ್ಟಿದೆ, ಉಂಗುರಕ್ಕೆ ಸಾಲದು. ಉಂಗುರ ಬಂದು ಕವೆಗೆ ಸಿಕ್ಕಿಕೊಳ್ಳುತ್ತದೆ. ಎದುರುಗಡೆಯ ಸ್ಪೂಲ್ ಎಳೆಯುತ್ತಲೇ ಇರುತ್ತದೆ. ಆ ಎಳೆತಕ್ಕೆ ಕವೆ ವಾಲುತ್ತದೆ, ಕವೆಗೆ ಜೋಡಿಸಿದ ಕಡ್ಡಿ ಸರಿಯುತ್ತದೆ, ಕೊಕ್ಕೆ ಒಂದು ಹಲ್ಲುಚಕ್ರವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. ಅಂಡರ್‌ವುಡ್‌ನಂಥದ್ದರಲ್ಲಿ ಆ ಉದ್ದನೆಯ ಸರಳೇ ಪಕ್ಕಕ್ಕೆ ಜಾರಿ, ಒಂದು ತುದಿಯ ಗೇರು ಬಿಟ್ಟು ಇನ್ನೊಂದು ತುದಿಯದು ಕೂಡಿಕೊಳ್ಳುತ್ತದೆ. ಇನ್ನು ಕೆಲವು ಯಂತ್ರಗಳಲ್ಲಿ ಉಂಗುರದ ಹಂಗಿಲ್ಲ. ಸ್ಪೂಲಿನ ಒಳಗೇ ಒಂದು ಪುಟ್ಟ ನಾಲಿಗೆ ಇರುತ್ತದೆ, ರಿಬ್ಬನ್ ಸುತ್ತಿರುವ ತನಕ ಒತ್ತಿಕೊಂಡಿದ್ದು, ಕೊನೆಯ ಸುತ್ತು ಬಿಚ್ಚಿದಾಗ ಹೊರಗೆ ಬಂದು ಸುದ್ದಿ ಮುಟ್ಟಿಸುತ್ತದೆ. ಇಂಥ ಯಂತ್ರದ ಹಳೇ ಲೋಹದ ಸ್ಪೂಲ್‌ಗಳನ್ನು ದಯವಿಟ್ಟು ಬಿಸಾಡಬೇಡಿ. ಹೊಸ ರಿಬ್ಬನ್ ಪ್ಲಾಸ್ಟಿಕ್ ಸ್ಪೂಲಿನಲ್ಲಿ ಬಂದರೆ ರಿಬ್ಬನ್ ಮಾತ್ರ ಬಿಚ್ಚಿ ಹಳೇ ಸ್ಪೂಲಿಗೆ ಸುತ್ತಿ. ಸ್ಪೂಲೇ ಬದಲಾದರೆ ದಿಕ್ಕು ಬದಲಾಗುವುದಿಲ್ಲ.

ನನ್ನ ಯಂತ್ರದಲ್ಲಿ ಆಗಿದ್ದು ಇಷ್ಟೇ. ಬಲಗಡೆಯ ಕವೆಯ ಬುಡದಲ್ಲಿ ಯಾವ ಕಾಲದ್ದೋ ಎಣ್ಣೆ ಅಂಟಾಗಿ, ಧೂಳು ಸೇರಿ, ಮೇಣದಂತೆ ಗಟ್ಟಿಯಾಗಿತ್ತು. ಉಂಗುರ ಬಂದು ಎಳೆದರೂ ಕವೆ ಅಲುಗಲಿಲ್ಲ. ಬ್ರಷ್ಷಿನಲ್ಲಿ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಉಜ್ಜಿದೆ, ಹತ್ತು ನಿಮಿಷ ಬಿಟ್ಟೆ, ಮತ್ತೆ ಉಜ್ಜಿದೆ. ಬೆರಳಲ್ಲಿ ತಳ್ಳಿದರೆ ಟಕ್ಕನೆ ಆಚೆಗೆ ಬಿತ್ತು. ಆ ಶಬ್ದ ಕೇಳಿ ಆದ ಸಂತೋಷ ಇನ್ನೂ ನೆನಪಿದೆ.

ಪರೀಕ್ಷೆ ಮಾಡುವುದು ಹೀಗೆ: ಎರಡೂ ಕವೆಗಳನ್ನು ಬೆರಳಿನಿಂದ ಒಂದೊಂದಾಗಿ, ಅದರ ಪಕ್ಕದ ಸ್ಪೂಲಿನಿಂದ ಆಚೆಗೆ ತಳ್ಳಿ, ಪ್ರತಿಸಲವೂ ನಾಲ್ಕೈದು ಕೀ ಒತ್ತಿ. ಎಳೆಯುವ ಸ್ಪೂಲ್ ಬದಲಾಗಬೇಕು. ಕೈಯಿಂದ ದಿಕ್ಕು ಬದಲಿಸುವ ಪ್ರತ್ಯೇಕ ಲಿವರ್ ಇದ್ದರೆ ಅದನ್ನೂ ಹೀಗೇ ನೋಡಿ. ಲಿವರಿನಿಂದ ಬದಲಾಗುತ್ತದೆ, ಕವೆಯಿಂದ ಆಗುವುದಿಲ್ಲ ಅಂದರೆ ಕೊಳೆ ಕವೆಯಲ್ಲಿದೆ. ಎರಡರಿಂದಲೂ ಆಗುವುದಿಲ್ಲ ಅಂದರೆ ಇನ್ನೂ ಒಳಗೆ, ಕೊಕ್ಕೆಯ ಹತ್ತಿರ ನೋಡಬೇಕು.

ಹಂತ 5: ಏಳುವುದು, ಬಣ್ಣದ ಲಿವರ್

ಕೀಬೋರ್ಡಿನ ಪಕ್ಕದಲ್ಲಿ ನೀಲಿ, ಬಿಳಿ, ಕೆಂಪು ಚುಕ್ಕೆಗಳಿರುವ ಒಂದು ಲಿವರ್ ಇದೆ ಅಲ್ವಾ? ಅದು ಬಣ್ಣ ಬದಲಿಸುತ್ತದೆ ಅಂತ ಎಲ್ಲರಿಗೂ ಗೊತ್ತು. ನಿಜವಾಗಿ ಅದು ಬದಲಿಸುವುದು ಎತ್ತರವನ್ನು. ಎರಡು ಬಣ್ಣದ ರಿಬ್ಬನ್‌ನಲ್ಲಿ ಕಪ್ಪು ಮೇಲೆ, ಕೆಂಪು ಕೆಳಗೆ. ನೀಲಿ ಚುಕ್ಕೆಯಲ್ಲಿ ವೈಬ್ರೇಟರ್ ಸ್ವಲ್ಪ ಏಳುತ್ತದೆ, ಮೇಲಿನ ಅರ್ಧ ಅಕ್ಷರಕ್ಕೆ ಎದುರಾಗುತ್ತದೆ. ಕೆಂಪಿನಲ್ಲಿ ಇನ್ನೂ ಮೇಲಕ್ಕೆ ಎದ್ದು ಕೆಳಗಿನ ಅರ್ಧ ಎದುರಾಗುತ್ತದೆ. ಬಿಳಿಯಲ್ಲಿ ಏಳುವುದೇ ಇಲ್ಲ. ಅದು ಸ್ಟೆನ್ಸಿಲ್ ಕತ್ತರಿಸಲು. ಪ್ರಶ್ನೆಪತ್ರಿಕೆಗಳನ್ನು ಸೈಕ್ಲೋಸ್ಟೈಲ್ ಮಾಡುತ್ತಿದ್ದ, ಅಂದರೆ ಸ್ಟೆನ್ಸಿಲ್‌ನಿಂದ ಪ್ರತಿ ತೆಗೆಯುತ್ತಿದ್ದ ಕಾಲದಲ್ಲಿ ಟೈಪಿಸ್ಟರು ಲಿವರನ್ನು ಬಿಳಿಗೆ ಇಟ್ಟು, ಮೇಣದ ಹಾಳೆಯ ಮೇಲೆ ಅಕ್ಷರವನ್ನು ನೇರವಾಗಿ ಬಡಿಸುತ್ತಿದ್ದರು.

ಹಾಗಾಗಿ ಹಾಳೆಯ ಮೇಲೆ ಏನೂ ಬೀಳದೆ ಬರೀ ಅಚ್ಚಿನ ಗುರುತು ಕಾಣುತ್ತಿದ್ದರೆ ಮೊದಲು ಈ ಲಿವರ್ ನೋಡಿ. ಎಷ್ಟೋ ಸಲ ಅದು ಬಿಳಿಯಲ್ಲಿರುತ್ತದೆ, ಅಷ್ಟೇ.

ಅಕ್ಷರದ ತಲೆಯೋ ಬುಡವೋ ಕತ್ತರಿಸಿ ಹೋಗುತ್ತಿದೆಯೇ? ಕಪ್ಪಿನ ಅಡಿಯಲ್ಲಿ ಕೆಂಪು ಅಂಚು ಬರುತ್ತಿದೆಯೇ? ಆಗ ರಿಬ್ಬನ್ ಸರಿಯಾದ ಎತ್ತರಕ್ಕೆ ಬರುತ್ತಿಲ್ಲ ಅಂತ ಅರ್ಥ. ಒಂದು ಕೀಯನ್ನು ಬೆರಳಲ್ಲಿ ತೀರಾ ನಿಧಾನವಾಗಿ ಒತ್ತುತ್ತಾ ಬನ್ನಿ. ಅಕ್ಷರ ರೋಲರಿಗೆ ತಾಗುವ ಮುಂಚೆಯೇ ರಿಬ್ಬನ್ ಪೂರಾ ಎದ್ದು ನಿಂತಿರಬೇಕು. ಬಿಟ್ಟ ಕೂಡಲೇ ತನ್ನಷ್ಟಕ್ಕೆ ಇಳಿಯಬೇಕು. ಇಳಿಯದಿದ್ದರೆ ವೈಬ್ರೇಟರ್ ಜಾರುವ ಕಾಲುವೆಯಲ್ಲಿ ಅಂಟಿದೆ. ಕನ್ನಡದಲ್ಲಿ ಈ ತೊಂದರೆ ಬೇಗ ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಎರಡು ಬಣ್ಣದ ರಿಬ್ಬನ್‌ನಲ್ಲಿ ಕಪ್ಪಿಗೆ ಸಿಗುವುದು ಆರೂವರೆ ಮಿ.ಮೀ. ಅಷ್ಟೇ. ಹಾಗಾಗಿ ಕನ್ನಡ ಯಂತ್ರಕ್ಕೆ ಒಂದೇ ಬಣ್ಣದ ಕಪ್ಪು ರಿಬ್ಬನ್ ಹಾಕಿ ಅನ್ನುವುದು ನನ್ನ ಸಲಹೆ. ಅದರಲ್ಲಿ ಇನ್ನೊಂದು ಲಾಭವೂ ಇದೆ: ಮೇಲಿನ ಅರ್ಧ ಸವೆದಾಗ ಲಿವರನ್ನು ಕೆಂಪಿಗೆ ಇಟ್ಟರೆ ಕೆಳಗಿನ ಅರ್ಧ ಹೊಸದಾಗಿ ಸಿಗುತ್ತದೆ.

ಹಂತ 6: ಶುಚಿ ಮಾಡುವುದು

ಹಳೇ ಟೂತ್ ಬ್ರಷ್, ಸ್ವಲ್ಪ ಸೀಮೆಎಣ್ಣೆ, ಹಳೇ ಬಟ್ಟೆ. ಕಿಟಕಿ ತೆರೆದಿಡಿ, ಒಲೆಯಿಂದ ದೂರ ಕೂತುಕೊಳ್ಳಿ. ಕವೆಗಳ ಬುಡ, ಕೊಕ್ಕೆ, ಹಲ್ಲುಚಕ್ರ, ವೈಬ್ರೇಟರಿನ ಕಾಲುವೆ, ಈ ನಾಲ್ಕು ಜಾಗ ಸಾಕು. ಸೀಮೆಎಣ್ಣೆ ರೋಲರಿನ ರಬ್ಬರಿಗೆ ತಾಗಬಾರದು. ಒರೆಸಿ ಒಣಗಿದ ಮೇಲೆ ಹೊಲಿಗೆ ಮೆಷಿನ್ ಎಣ್ಣೆಯನ್ನು ಸೂಜಿಯ ತುದಿಯಲ್ಲಿ ಅದ್ದಿ, ತಿರುಗುವ ಕೀಲುಗಳಿಗೆ ಮಾತ್ರ ತಾಗಿಸಿ. ವೈಬ್ರೇಟರಿನ ಕಾಲುವೆಗೆ ಎಣ್ಣೆ ಬೇಡ, ಒಣಗಿಯೇ ಇರಲಿ. ಕೊಬ್ಬರಿ ಎಣ್ಣೆ ಖಂಡಿತ ಬೇಡ. ಚಳಿಗೆ ಹೆಪ್ಪುಗಟ್ಟುತ್ತದೆ, ಹಳತಾದರೆ ಅಂಟಾಗುತ್ತದೆ, ನೀವೀಗ ಉಜ್ಜಿ ತೆಗೆದ ಕೊಳೆಯೇ ಮತ್ತೆ ಹುಟ್ಟುತ್ತದೆ.

ಹಂತ 7: ರಿಬ್ಬನ್ ಹಾಕುವುದು

ಕೈಗೆ ಮಸಿ ಆಗುತ್ತದೆ, ಕೆಳಗೆ ಹಳೇ ಪೇಪರ್ ಹಾಸಿಕೊಳ್ಳಿ. ಹಳೇ ರಿಬ್ಬನ್ ಪೂರಾ ಒಂದೇ ಸ್ಪೂಲಿಗೆ ಸುತ್ತಿ ತೆಗೆಯಿರಿ. ಹೊಸದರ ತುದಿಯನ್ನು ಖಾಲಿ ಸ್ಪೂಲಿನ ನಡುವಿನ ಮುಳ್ಳಿಗೆ ಚುಚ್ಚಿ, ಲೋಹದ ಉಂಗುರ ದಾಟುವ ತನಕ ನಾಲ್ಕೈದು ಸುತ್ತು ಸುತ್ತಿ. ಸುತ್ತುವ ದಿಕ್ಕು ನೀವು ತೆಗೆದ ಫೋಟೋದಲ್ಲಿದೆ. ಎರಡೂ ಸ್ಪೂಲ್ ಕೂರಿಸಿ, ಸ್ವಲ್ಪ ತಿರುಗಿಸಿ, ಅಡಿಯ ಗೂಟ ಸ್ಪೂಲಿನ ತೂತಿಗೆ ಕೂತಿತೇ ನೋಡಿ. ಇದು ಕೂರದಿದ್ದರೆ ಚಕ್ರ ತಿರುಗುತ್ತದೆ, ಸ್ಪೂಲ್ ತಿರುಗುವುದಿಲ್ಲ.

ರಿಬ್ಬನ್ ಕವೆಯ ಒಳಗಿನಿಂದಲೇ ಹೋಗಬೇಕು. ಹೊರಗಿನಿಂದ ಹಾಕಿದರೂ ಟೈಪ್ ಚೆನ್ನಾಗಿಯೇ ಆಗುತ್ತದೆ, ತುದಿ ಮುಟ್ಟುವ ತನಕ. ವೈಬ್ರೇಟರಿಗೆ ತೂರಿಸುವುದು ಕಷ್ಟವಾದರೆ ಲಿವರನ್ನು ಕೆಂಪಿಗೆ ಇಟ್ಟು ಎರಡು ಕೀ ಒಟ್ಟಿಗೆ ಒತ್ತಿ. ಕಡ್ಡಿಗಳು ಮೇಲೆ ಸಿಕ್ಕಿಕೊಂಡು ವೈಬ್ರೇಟರ್ ಎದ್ದೇ ನಿಲ್ಲುತ್ತದೆ, ಎರಡೂ ಕೈ ನಿಮಗೆ ಬಿಡುವಾಗುತ್ತವೆ. ರಿಬ್ಬನ್ ಎಲ್ಲೂ ಮಡಚಿಕೊಳ್ಳಬಾರದು, ತಿರುಚಿಕೊಳ್ಳಬಾರದು.

ಈಗ ಸಿಗುವ ಕೆಲವು ರಿಬ್ಬನ್‌ಗಳಲ್ಲಿ ಲೋಹದ ಉಂಗುರವೇ ಇರುವುದಿಲ್ಲ. ಆಗ ಎರಡೂ ತುದಿಗಳಿಂದ ಒಂದೊಂದು ಗೇಣು ಬಿಟ್ಟು ಬಿಗಿಯಾಗಿ ಒಂದು ಗಂಟು ಹಾಕಿ. ಉಂಗುರದ ಕೆಲಸವನ್ನು ಗಂಟು ಮಾಡುತ್ತದೆ. ತೀರಾ ತುದಿಗೆ ಹಾಕಿದರೆ ಗಂಟು ಕವೆ ಮುಟ್ಟುವ ಮೊದಲೇ ರಿಬ್ಬನ್ ಮುಗಿದುಹೋಗುತ್ತದೆ, ಹಾಗಾಗಿ ಆ ಒಂದು ಗೇಣು ಬೇಕೇ ಬೇಕು.

ಮಸುಕಾದ ರಿಬ್ಬನ್‌ಗೆ ಸ್ಟಾಂಪ್ ಪ್ಯಾಡಿನ ಇಂಕು ಹಾಕುವವರಿದ್ದಾರೆ. ಮಾಡಬೇಡಿ. ಅದು ಒಣಗಿ ಗಟ್ಟಿಯಾಗುತ್ತದೆ, ಅಕ್ಷರಗಳ ಸಂದಿಗೆ ಮೆತ್ತಿಕೊಳ್ಳುತ್ತದೆ. ಬಟ್ಟೆ ಸವೆಯದೆ ಗಟ್ಟಿಮುಟ್ಟಾಗಿದ್ದು ಮಸಿ ಮಾತ್ರ ಒಣಗಿದ್ದರೆ, ಸುತ್ತಿದ ರಿಬ್ಬನ್‌ನ ಅಂಚಿಗೆ ಮೂರು ನಾಲ್ಕು ಹನಿ ಮೆಷಿನ್ ಎಣ್ಣೆ ಬಿಟ್ಟು, ಮುಚ್ಚಳವಿರುವ ಡಬ್ಬಿಯಲ್ಲಿ ಒಂದೆರಡು ದಿನ ಇಡಿ. ತಕ್ಕಮಟ್ಟಿಗೆ ಜೀವ ಬರುತ್ತದೆ.

ಕೊನೆಯ ಪರೀಕ್ಷೆಯನ್ನು ಬಿಡಬೇಡಿ. ರಿಬ್ಬನ್ ಹಾಕಿದ ಮೇಲೆ ಕೈಯಿಂದ ಸುತ್ತುತ್ತಾ ಬಲ ಸ್ಪೂಲ್ ಹೆಚ್ಚುಕಡಿಮೆ ಖಾಲಿ ಮಾಡಿ. ಈಗ ಟೈಪ್ ಮಾಡುತ್ತಾ ಬಲಗಡೆಯ ಕವೆಯನ್ನೇ ನೋಡುತ್ತಿರಿ. ಉಂಗುರ ಸ್ಪೂಲಿನಿಂದ ಹೊರಬಂದು, ಕವೆಗೆ ತಾಗಿ, ಒಂದೆರಡು ಏಟಿನಲ್ಲಿ ಕವೆಯನ್ನು ವಾಲಿಸಬೇಕು. ಮುಂದಿನ ಏಟಿಗೆ ಬಲ ಸ್ಪೂಲ್ ಎಳೆಯಲು ಶುರುಮಾಡಬೇಕು. ಎಡಕ್ಕೂ ಇದೇ ಪರೀಕ್ಷೆ ಮಾಡಿ. ಎರಡೂ ಕಡೆ ತಿರುಗಿತು ಅಂದರೆ ಮುಚ್ಚಳ ಹಾಕಿ.